ಹಂಚಿನ ಮುಂದಿನ ಜಾಗ

ಅಕ್ಕನ ಉಸಿರಿಗಿಂತ ನನ್ನ ಉಸಿರು ಗಟ್ಟಿ ಎಂದು ಒಂದು ಸಣ್ಣ ಮಶೀನು ತೋರಿಸಿಕೊಟ್ಟಾಗ ನನಗೆ ಖುಷಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದೆಲ್ಲ ಆ ಖುಷಿಯಿಂದ ಹುಟ್ಟಿದ್ದು.

ನಾವಿಬ್ಬರೂ ಉಪ್ಪಿನಬೆಟಗೇರಿಯ ಒಂದು ಮನೆಯಲ್ಲಿ ಹುಟ್ಟಿ, ಲಕಮನಹಳ್ಳಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅಣ್ಣನಿಗೆ ಅಕ್ಕನನ್ನು, ತಮ್ಮನಿಗೆ ನನ್ನನ್ನು ಕೊಟ್ಟರು. ಅಕ್ಕ-ತಂಗಿ ನೆಗೆಣ್ಣಿಯರಾದರೆ ಮನೆಯಲ್ಲಿ ಜಗಳ ಇರುವುದಿಲ್ಲ ಎಂದು ಹಿರಿಯರು ನಂಬಿದ್ದರು. ಜಗಳ ಇರಲಿಲ್ಲ, ನಿಜ. ಇದ್ದಿದ್ದರೆ ನನ್ನ ಒಳಗಿನದು ಆಗಾಗ ಸ್ವಲ್ಪ ಹೊರಗೆ ಬಂದು ಹೋಗುತ್ತಿತ್ತೇನೋ. ಮುಂದೆ ಮನೆ ಪಾಲಾಗಿ ನಡುವೆ ಒಂದು ಗೋಡೆ ಎದ್ದಿತು. ಬಾಗಿಲು ಎರಡಾದವು. ಹಿತ್ತಲು ಮಾತ್ರ ಇಬ್ಬರಿಗೂ ಒಂದೇ ಉಳಿಯಿತು.

ಅಕ್ಕ ಏಳನೆಯ ಇಯತ್ತೆ ಪಾಸಾದವಳು. ನನ್ನನ್ನು ನಾಲ್ಕನೆಯದಕ್ಕೆ ಶಾಲೆ ಬಿಡಿಸಿದರು. ಎಮ್ಮೆ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು, ಅಕ್ಕ ಓದುವುದರಲ್ಲಿ ಚುರುಕಾಗಿದ್ದಳು. ಎಮ್ಮೆ ಕಾಯುವುದರಲ್ಲಿ ನಾನೆಷ್ಟು ಚುರುಕು ಎಂದು ಯಾರೂ ಕೇಳಲಿಲ್ಲ. ಅವ್ವ ಪೇಟೆಯಿಂದ ಅರಿವೆ ತಂದರೆ ಮೊದಲು ಅಕ್ಕನ ಮೈಮೇಲೆ ಹಿಡಿದು ನೋಡುತ್ತಿದ್ದಳು. ನನ್ನ ಮೈಮೇಲೂ ಹಿಡಿಯುತ್ತಿದ್ದಳು, ಆದರೆ ಆಗ ಅವಳ ಕಣ್ಣು ಅರಿವೆಯ ಮೇಲೆ ಇರುತ್ತಿತ್ತು, ನನ್ನ ಮೇಲಲ್ಲ. ಇಷ್ಟು ವಯಸ್ಸಾದ ಮೇಲೂ ಇಂಥವು ನೆನಪಿರುತ್ತವೆ.

ನಮ್ಮದು ರೊಟ್ಟಿ ಕೆಲಸ. ಕಾರ್ಖಾನೆಗಳಿಗೆ ಬರುವವರು ಉಣ್ಣುವ ಖಾನಾವಳಿಗೆ, ಒಂದೆರಡು ಹಾಸ್ಟೆಲಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದೆವು. ಮನೆಯೊಳಗೆ ಗ್ಯಾಸ್ ಇದೆ, ಆದರೆ ಗಿರಾಕಿಗಳಿಗೆ ಕಟ್ಟಿಗೆ ಒಲೆಯ ರೊಟ್ಟಿಯೇ ಆಗಬೇಕು. ಹಿತ್ತಲಲ್ಲಿ ತಗಡಿನ ಶೆಡ್ಡು, ಮೂರು ಕಡೆ ಗೋಡೆ, ಒಳಗೆ ಒಲೆ. ಹೊಗೆ ತಗಡಿಗೆ ಬಡಿದು ಕೆಳಗೇ ಇಳಿಯುತ್ತಿತ್ತು. ಕಣ್ಣು ಉರಿದರೆ ಸೆರಗಿನಿಂದ ಒರೆಸಿಕೊಳ್ಳುವುದು, ಅಷ್ಟೇ. ಹೊಗೆಯನ್ನು ಯಾರೂ ಲೆಕ್ಕಕ್ಕೆ ಇಟ್ಟವರಲ್ಲ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬಳು ಹಿಟ್ಟು ನಾದಿ, ಬಡಿದು ಕೊಡುತ್ತಾಳೆ. ಇನ್ನೊಬ್ಬಳು ಹಂಚಿನ ಮುಂದೆ ಕೂತು ಬೇಯಿಸುತ್ತಾಳೆ. ನೀರು ಸವರುವುದು, ಮಗುಚುವುದು, ಉರಿ ಏರಿಸುವುದು, ಇಳಿಸುವುದು, ಕೊನೆಗೆ ಕೆಂಡಕ್ಕೆ ಆನಿಸಿ ಉಬ್ಬಿಸುವುದು ಎಲ್ಲ ಅವಳದು. ಬಡಿಯುವವಳು ಎಷ್ಟು ತೆಳ್ಳಗೆ ಬಡಿದರೂ ಹೆಸರು ಬೇಯಿಸಿದವಳಿಗೆ. ಮದುವೆಯಾಗಿ ಬಂದಾಗಿನಿಂದ ಹಂಚಿನ ಮುಂದೆ ಅಕ್ಕ ಕೂತಳು. ಓಣಿಗೆಲ್ಲ ಅವಳು ‘ರೊಟ್ಟಿ ಅಕ್ಕಾರು’. ನಾನು ‘ರೊಟ್ಟಿ ಅಕ್ಕಾರ ತಂಗಿ’. ಖಾನಾವಳಿಯವನು ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಏನ್ ತೆಳ್ಳಗ್ರಿ ಅಕ್ಕಾರ! ಆಚೀಗಿನ ಮನಶಾ ಕಾಣತಾನು” ಎಂದು ಅಕ್ಕನಿಗೆ ಹೇಳುತ್ತಿದ್ದ. ಅಕ್ಕ ನಕ್ಕು, “ಬಡದಾಕಿ ಆಕಿರಿ” ಎನ್ನುತ್ತಿದ್ದಳು. ಅವಳು ಹಾಗೆ ಒಳ್ಳೆಯವಳಾಗಿ ಹೇಳಿದಾಗ ನನಗೆ ಇನ್ನೂ ಹೆಚ್ಚು ಉರಿಯುತ್ತಿತ್ತು.

ಒಲೆ ಊದುವುದಕ್ಕೂ ನಮ್ಮಲ್ಲಿ ಒಂದು ರೀತಿ ಇದೆ. ಜೋರಾಗಿ ಊದಿದರೆ ಬೂದಿ ಹಾರಿ ಹಿಟ್ಟಿನ ಮೇಲೆ, ಬೆಂದ ರೊಟ್ಟಿಯ ಮೇಲೆ ಕೂಡುತ್ತದೆ. ಆದ್ದರಿಂದ ರೊಟ್ಟಿ ಮಾಡುವವರು ಊದುಗೊಳವೆಯನ್ನು ತುಟಿಗೆ ಹಚ್ಚಿ, ಮಗುವಿನ ಕಣ್ಣಿಗೆ ಬಿದ್ದ ಕಸ ಊದುವ ಹಾಗೆ ಮೆತ್ತಗೆ, ಉದ್ದಕ್ಕೆ ಊದುತ್ತಾರೆ. ಅಕ್ಕನಷ್ಟು ಉದ್ದಕ್ಕೆ ಊದುವವರು ನಮ್ಮ ಓಣಿಯಲ್ಲಿ ಇನ್ನೊಬ್ಬರು ಇರಲಿಲ್ಲ.

ಅಂಥವಳು ಒಂದು ಮಳೆಗಾಲದಲ್ಲಿ ಊದುಗೊಳವೆಯನ್ನು ನನ್ನ ಕಡೆಗೆ ಚಾಚಿದಳು. “ನೀನ ಊದ ಇವತ್ತ. ನನಗ ಯಾಕೋ ಸಾಕಾಗೇತಿ” ಎಂದಳು. ಮರುದಿನವೂ ಹಾಗೆಯೇ ಹೇಳಿದಳು. ಆಮೇಲೆ ಹೇಳುವುದನ್ನೂ ಬಿಟ್ಟಳು, ನಾನೇ ಎದ್ದು ಹೋಗಿ ಊದಿ ಬಂದು ಮತ್ತೆ ಬಡಿಯಲು ಕೂರುತ್ತಿದ್ದೆ. ನಸುಕಿನಲ್ಲಿ ಅವಳು ಹಿತ್ತಲಿನ ಮೂಲೆಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಕೆಮ್ಮಿ ಬರುತ್ತಿದ್ದಳು. “ಯಾರ ಮುಂದೂ ಅನಬ್ಯಾಡ. ಕೆಮ್ಮೂ ಹೆಂಗಸಿನ ಕೈಯಾಗಿನ ರೊಟ್ಟಿ ಯಾರ ತಿಂತಾರ?” ಎಂದು ನನಗೊಬ್ಬಳಿಗೆ ಹೇಳಿದ್ದಳು.

ಹಾಲಿಗೋ ಬಸ್ಸಿಗೋ ಹೋಗುವಾಗ ಅಕ್ಕ ಹೆಜ್ಜೆಗೊಮ್ಮೆ ನಿಂತು ಮನೆ ಮನೆಯವರನ್ನು ಮಾತಾಡಿಸುತ್ತಿದ್ದಳು. ಎಷ್ಟು ಮಂದಿಗೆ ಬೇಕಾದವಳು ನೋಡು ಎಂದು ನಾನು ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ. ಅವಳು ನಿಲ್ಲುತ್ತಿದ್ದದ್ದು ಮಾತಿಗಲ್ಲ, ಉಸಿರಿಗೆ ಎಂದು ನನಗೆ ತಿಳಿದದ್ದು ತಡವಾಗಿ. ಆದರೆ ನಾನು ಹೇಳಲಿರುವ ಕ್ಯಾಂಪಿಗಿಂತ ಮೊದಲೇ ತಿಳಿದಿತ್ತು. ಅದನ್ನು ಮುಚ್ಚಿಡಲಾರೆ.

ಆಶಾ ಕೆಲಸದ ಬಾಯಾರು ಮನೆ ಮನೆಗೆ ಬಂದರು. ಯಾರು ಬಹಳ ವರ್ಷ ಕಟ್ಟಿಗೆ ಒಲೆ ಮುಂದೆ ಕೂತಿದ್ದೀರಿ, ಯಾರು ಹತ್ತಿ ಮಿಲ್ಲಿನಲ್ಲಿ, ಫೌಂಡ್ರಿಯಲ್ಲಿ ದುಡಿದಿದ್ದೀರಿ ಎಂದು ಕೇಳಿದರು. ಉಸಿರಿನ ಬ್ಯಾನಿ ಇದ್ದೂ ಗೊತ್ತಿಲ್ಲದವರು ಬಹಳ ಮಂದಿ ಇರುತ್ತಾರೆ, ಒಮ್ಮೆ ಊದಿದರೆ ತಿಳಿಯುತ್ತದೆ, ಎಲ್ಲರೂ ಸಮುದಾಯ ಭವನದ ಕ್ಯಾಂಪಿಗೆ ಬರಬೇಕು ಎಂದರು. ಅಕ್ಕ ಒಲ್ಲೆ ಎಂದಳು. ಓಣಿಯ ಹೆಂಗಸರೆಲ್ಲ ಹೊರಟಾಗ ಒಬ್ಬಳೇ ಉಳಿದರೆ ಅನುಮಾನ ಬರುತ್ತದೆಂದು ಕೊನೆಗೆ ಬಂದಳು.

ಮೇಜಿನ ಮೇಲೆ ಮಶೀನು, ಅದಕ್ಕೊಂದು ಕೊಳವೆ, ಪಕ್ಕದಲ್ಲಿ ಗೆರೆ ಮೂಡುವ ಪರದೆ. ಪ್ರತಿಯೊಬ್ಬರಿಗೂ ಬಾಯಿಗಿಡಲು ಹೊಸ ರಟ್ಟಿನ ತುಂಡು ಹಾಕುತ್ತಿದ್ದರು. ಊದಿಸುತ್ತಿದ್ದವಳು ಸಣ್ಣ ವಯಸ್ಸಿನ ಹುಡುಗಿ.

“ಮೂಗಿಗೆ ಚಿಮಟಾ ಹಾಕತೇನ್ರಿ ಬಾಯಾರ, ಅಂಜಬ್ಯಾಡ್ರಿ. ಬಾಯಿಲೆ ಪೂರ್ತಿ ಉಸರ ಎಳಕೊಂಡು ಒಮ್ಮೆಲೆ ಜೋರ್ ಊದ್ರಿ. ನಡುವ ನಿಲ್ಲಸಬ್ಯಾಡ್ರಿ, ಊದಕೋತನ ಇರ್ರಿ” ಎಂದಳು.

ನಾನು ಅಕ್ಕನಿಗಿಂತ ಮುಂದೆ ಇದ್ದೆ. ಊದಿದೆ. ಗೆರೆ ಮೇಲೇರಿ ಗುಡ್ಡದ ಹಾಗೆ ನಿಂತಿತು.

“ಭಾಳ ಛಲೋ ಆತ್ರಿ” ಎಂದಳು ಹುಡುಗಿ.

“ಆಗದ ಏನವಾ, ಆಕೀದು ಬಾಯಿ ಅಲ್ಲ, ಮೈಕಿನ ಭೋಂಗಾ ಐತಿ” ಎಂದು ಹಿಂದಿನಿಂದ ನೆರೆಮನೆಯವಳು ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಗುಡ್ಡವನ್ನು ಇನ್ನೊಮ್ಮೆ ನೋಡಬೇಕೆನಿಸಿತು. ಅಷ್ಟರಲ್ಲಿ ಹುಡುಗಿ ಅದನ್ನು ಅಳಿಸಿ, ಮುಂದಿನವರನ್ನು ಕರೆದಳು.

ಅಕ್ಕ ಕೂತಳು. ಹುಡುಗಿ ಅವಳ ಮುಖ ನೋಡಿ, “ಅಯ್ಯ, ನೀವು ರೊಟ್ಟಿ ಅಕ್ಕಾರ ಅಲ್ರಿ? ನಮ್ಮ ಹಾಸ್ಟೆಲಿಗೆ ನಿಮ್ಮ ರೊಟ್ಟೀನ ಬರತಿದ್ವು” ಎಂದಳು. ಅದೇ ಕುರ್ಚಿಯಲ್ಲಿ ಈಗಷ್ಟೇ ಕೂತಿದ್ದ ನಾನು ಆ ರೊಟ್ಟಿಗಳನ್ನು ಬಡಿದವಳು. ನನ್ನನ್ನು ಅವಳು ಏನೂ ಕೇಳಿರಲಿಲ್ಲ.

ಅಕ್ಕ ಊದಿದಳು. ಗೆರೆ ಏಳಲಿಲ್ಲ, ತೆವಳಿತು. ಇನ್ನೊಮ್ಮೆ ಊದಿಸಿದರು. ಮತ್ತೊಮ್ಮೆ ಊದಿಸುವಷ್ಟರಲ್ಲಿ ಕೆಮ್ಮು ಬಂದು ಅವಳ ಕಣ್ಣಲ್ಲಿ ನೀರು ತುಂಬಿತು. ಒಬ್ಬಳು ನೀರು ತಂದಳು. ಒಬ್ಬಳು ಬೆನ್ನು ನೀವಿದಳು. ಸಾಲಿನಲ್ಲಿದ್ದವರೆಲ್ಲ ಸಾಲು ಬಿಟ್ಟು ಅವಳ ಸುತ್ತ ನಿಂತರು. ನಾನು ಅವರ ಬೆನ್ನುಗಳ ಹಿಂದೆ ಉಳಿದೆ. ಚೆನ್ನಾಗಿ ಊದಿದವಳು ನಾನು, ಸುತ್ತುವರಿದದ್ದು ಅವಳನ್ನು. ಆರೋಗ್ಯದಲ್ಲಿ ಗೆದ್ದರೂ ಇವಳ ಮುಂದೆ ಸೋಲುವುದೇ ನನ್ನ ಹಣೆಬರಹ ಅನ್ನಿಸಿತು.

“ಅಕ್ಕಾರ, ಒಲಿ ಊದುವಾಗೂ ಹಿಂಗ ದಮ್ಮ ಹತ್ತತೈತೇನ್ರಿ?” ಎಂದು ಹುಡುಗಿ ಕೇಳಿದಳು.

ಅಕ್ಕ ಬಾಯಿ ತೆರೆದಳು. ಅವಳು ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಅದಕ್ಕೆ ಮೊದಲು ನಾನು ಬೆನ್ನುಗಳನ್ನು ಸರಿಸಿ ಮುಂದೆ ಬಂದಿದ್ದೆ.

“ದಮ್ಮೂ ಇಲ್ಲ ಗಿಮ್ಮೂ ಇಲ್ರಿ. ಬೂದಿ ಹಾರಬಾರದಂತ ಒಲಿ ಮೆತ್ತಗ ಊದಿ ಊದಿ ಆಕೀಗೆ ಜೋರ್ ಊದೂದ ಮರತ ಹೋಗೇತಿ. ನಿಮ್ಮ ಮಶೀನಿನ ಮ್ಯಾಲ ಎಲ್ಲಿ ಬೂದಿ ಹಾರೀತೋ ಅಂತ ಅಂಜ್ಯಾಳ!” ಎಂದೆ.

ಇಡೀ ಭವನ ನಕ್ಕಿತು. ಹುಡುಗಿಯೂ ನಕ್ಕಳು. ಅಂದು ಬೆಳಿಗ್ಗೆಯೇ ಇಬ್ಬರು ರೊಟ್ಟಿಯವರು ಹಾಗೆ ಮೆತ್ತಗೆ ಊದಿ, ಹೇಳಿಕೊಟ್ಟ ಮೇಲೆ ಸರಿಯಾಗಿ ಊದಿದ್ದರಂತೆ. ಹೀಗಾಗಿ ನನ್ನ ಮಾತು ಅವಳಿಗೆ ಖರೆ ಅನ್ನಿಸಿತು. ಕೇಳಿದವರು ಯಾರಾದರೂ ನಂಬುವಂಥ ಮಾತೇ ಅದು. ಅಕ್ಕ ಎಷ್ಟೋ ತಿಂಗಳಿಂದ ಊದುಗೊಳವೆ ಮುಟ್ಟಿಲ್ಲ ಎಂಬುದು ಆ ಭವನದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ.

“ಹಂಗಿದ್ರ ಇದನ್ನ ಲೆಕ್ಕಕ್ಕ ಹಿಡಿಯಾಂಗಿಲ್ರಿ. ಸರಿಯಾಗಿ ಊದಿಲ್ಲ ಅಂತ ಬರಕೋತೇನಿ. ಆಶಾ ಬಾಯಾರು ಬಂದು ಕರೀತಾರ, ಇನ್ನೊಮ್ಮೆ ಬಂದು ಊದಬೇಕು ನೀವು” ಎಂದಳು ಹುಡುಗಿ. “ಕೆಮ್ಮು ಯಾವಾಗಿಂದ ಐತ್ರಿ?”

“ಇಲ್ರಿ, ಬರೂ ಮುಂದ ಮೆಣಸಿನಕಾಯಿ ಹುರದಿದ್ದೆ” ಎಂದಳು ಅಕ್ಕ.

ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ಮುಂಗೈ ಹಿಡಿದುಕೊಂಡಳು. “ನೀ ಇರದಿದ್ರ ಇವತ್ತ ಮಂದ್ಯಾಗ ನನ್ನ ಮರ್ಯಾದಿ ಹೋಗತಿತ್ತು. ದಮ್ಮಿನಾಕಿ ಅಂತ ಹೆಸರ ಬಿದ್ರ ನಾಳಿಂದ ಖಾನಾವಳಿಯಾವ ಬಾಗಲಿಗೆ ಬರತಿರಲಿಲ್ಲ. ತಂಗಿ ಅಂದ್ರ ನೀನ ನೋಡ” ಎಂದಳು.

ನಾನು ಅವಳನ್ನು ಕಾಪಾಡಲು ಹಾಗೆ ಹೇಳಿದೆನೆಂದು ಅವಳು ತಿಳಿದಿದ್ದಳು. ಜೀವಮಾನದಲ್ಲಿ ಅವಳು ನನ್ನನ್ನು ಅಷ್ಟು ಹೊಗಳಿದ್ದು ಅದೇ ಮೊದಲು. ಹೊಗಳಿಕೆಯನ್ನು ತೆಗೆದುಕೊಂಡು ನಡೆದೆ. ಅವಳಿಗೆ ದಮ್ಮು ಹತ್ತಿ ನಿಂತಾಗ ನಾನೂ ನಿಂತೆ.

ದೀಪಾವಳಿಯ ಹೊತ್ತಿಗೆ ಹಂಚಿನ ಮುಂದಿನ ಜಾಗ ನನ್ನದಾಯಿತು. ಒಂದು ಬೆಳಿಗ್ಗೆ ಅಕ್ಕ ತಾನಾಗಿಯೇ ಹಿಟ್ಟು ನಾದುವ ಪರಾತದ ಕಡೆಗೆ ಸರಿದು, “ನಾ ಬಡೀತೇನಿ, ನೀ ಬೇಯಿಸ” ಎಂದಳು. ಬಡಿಯುವುದೂ ಅವಳಿಗೆ ಬಹಳ ದಿನ ಆಗಲಿಲ್ಲ. ಅವಳ ಸೊಸೆ ಬಂದು ಬಡಿಯಲು ಕೂತಳು, ಅಕ್ಕ ಹಿಟ್ಟಿನ ಚೀಲಕ್ಕೆ ಒರಗಿ ರೊಟ್ಟಿ ಎಣಿಸಿ ಕಟ್ಟುತ್ತಿದ್ದಳು. ಖಾನಾವಳಿಯವನು ಒಂದು ವಾರ “ಅಕ್ಕಾರ ಯಾಕ ಕುಂತಿಲ್ಲ?” ಎಂದು ಕೇಳಿದ. ಆಮೇಲೆ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಏನೂ ಫರಕ್ ಇಲ್ಲ ಬಿಡ್ರಿ” ಎಂದ. ಅವತ್ತು ನನಗೆ ಊಟ ರುಚಿಸಿದಷ್ಟು ಯಾವ ಹಬ್ಬದಲ್ಲೂ ರುಚಿಸಿರಲಿಲ್ಲ.

ಆಶಾ ಬಾಯಾರು ಬಂದದ್ದು ಆ ದಿನಗಳಲ್ಲೇ. ನಾನು ಅಕ್ಕನ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ.

“ಎಲ್ಲದಾರ್ರಿ ನಿಮ್ಮ ಅಕ್ಕಾರು? ಇನ್ನೊಮ್ಮೆ ಊದಿಸೂದೈತಿ, ಕರಕೊಂಡ ಹೋಗಾಕ ಬಂದೇನಿ” ಎಂದರು.

“ತವರಿಗೆ ಹೋಗ್ಯಾಳ್ರಿ, ಉಪ್ಪಿನಬೆಟಗೇರಿಗೆ.”

“ಯಾವಾಗ ಬರತಾರ್ರಿ?”

“ಹೋದಾಕಿ ಲಗೂ ಬರಾಂಗಿಲ್ರಿ ಆಕಿ” ಎಂದೆ.

ಒಳಗಿನಿಂದ ಅಕ್ಕ, “ಯಾರ ಬಂದಿದ್ರು?” ಎಂದು ಕೇಳಿದಳು. ಬಾಯಾರು ಆಗಲೇ ಓಣಿ ತಿರುಗಿದ್ದರು. “ಹಪ್ಪಳ ಮಾರಾಕಿ” ಎಂದೆ.

ಆಶಾ ಬಾಯಾರು ಬಿಡುವವರಲ್ಲ, ಇನ್ನೊಮ್ಮೆ ಬಂದರು. ಎರಡನೆಯ ಸಲ ಅದೇ ಸುಳ್ಳು ಹೇಳುವುದು ನನಗೆ ಕಷ್ಟವಾಗಲಿಲ್ಲ. ಕ್ಯಾಂಪಿನಲ್ಲಿ ಆಡಿದ ಮಾತನ್ನು ಬಾಯಿ ಜಾರಿ ಬಂತೆಂದು ಹೇಳಿಕೊಳ್ಳಬಹುದು. ಬಾಗಿಲಲ್ಲಿ ಹೇಳಿದ್ದಕ್ಕೆ ಆ ನೆಪವೂ ಇಲ್ಲ. ಅವಳಿಗೆ ಔಷಧ ಸಿಕ್ಕು ಗುಣವಾದರೆ ಮತ್ತೆ ಬಂದು ಹಂಚಿನ ಮುಂದೆ ಕೂರುತ್ತಾಳೆ ಎಂದು ಲೆಕ್ಕ ಹಾಕಿಯೇ ಹೇಳಿದ್ದೆ.

ಅವಳು ಸಾಯಬಹುದು ಎಂದು ನಾನು ಎಣಿಸಿರಲಿಲ್ಲ. ಇದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಅವಳು ಹಾಗೆಯೇ ಚೀಲಕ್ಕೆ ಒರಗಿಕೊಂಡು, ನನಗಿಂತ ಒಂದು ಮೆಟ್ಟಿಲು ಕೆಳಗೆ, ಬಹಳ ದಿನ ಇರುತ್ತಾಳೆಂದು ತಿಳಿದಿದ್ದೆ.

ಮುಂದಿನ ಚಳಿಗಾಲದಲ್ಲಿ ಒಂದು ನಸುಕಿನಲ್ಲಿ ಸೊಸೆ ಗೋಡೆ ಬಡಿದು ನನ್ನನ್ನು ಕರೆದಳು. ಅಕ್ಕ ಹಾಸಿಗೆಯ ಮೇಲೆ ಕೂತು, ಎರಡೂ ಕೈ ಊರಿ, ಹೆಗಲು ಎತ್ತಿ ಎತ್ತಿ ಉಸಿರಾಡುತ್ತಿದ್ದಳು. ತುಟಿ ನೇರಳೆಹಣ್ಣು ತಿಂದವಳ ಹಾಗೆ ಕಾಣುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು. ‘ತಂ’ ಎಂಬುದು ಬಂತು, ‘ಗಿ’ ಬರಲಿಲ್ಲ. ಅವಳ ಮಗ ಆಟೋ ತಂದ. ಹುಬ್ಬಳ್ಳಿಯ ವಿದ್ಯಾನಗರದ ಆಸ್ಪತ್ರೆ ಮುಟ್ಟುವವರೆಗೆ ನಾನು ಅವಳನ್ನು ಎದೆಗೆ ಆನಿಸಿಕೊಂಡು ಕೂತಿದ್ದೆ. ಅವಳ ಪಕ್ಕೆಲುಬು ನನ್ನ ಕೈಯೊಳಗೆ ಏಳುತ್ತ ಬೀಳುತ್ತ ಇತ್ತು.

ಬದುಕಿದಳು. ಆಕ್ಸಿಜನ್ ತೆಗೆದ ಮೇಲೆ, ಸ್ವಲ್ಪ ಸುಧಾರಿಸಿದ ಮೇಲೆ, ಅಲ್ಲಿಯೂ ಊದಿಸಿದರು. ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಸಿಒಪಿಡಿ ಎಂದರು. ವರ್ಷಾನುಗಟ್ಟಲೆ ಹೊಗೆ ಕುಡಿದು ಶ್ವಾಸದ ನಾಳ ಕಿರಿದಾಗಿವೆ, ಬೀಡಿ ಸೇದದ ಹೆಂಗಸರಿಗೂ ಒಲೆಯಿಂದಲೇ ಇದು ಬರುತ್ತದೆ ಎಂದು ಬಿಡಿಸಿ ಹೇಳಿದರು.

“ರೊಟ್ಟಿ ತಿಂದವರಿಗೆ ಹತ್ತತೈತೇನ್ರಿ?” ಎಂಬುದು ಅಕ್ಕನ ಮೊದಲ ಪ್ರಶ್ನೆ.

“ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ರಿ ಇದು.”

“ಇಷ್ಟ ಗೊತ್ತಿದ್ರ ನಾ ಅಂಜತಿರಲಿಲ್ಲಲ್ಲ” ಎಂದಳು ಅಕ್ಕ.

“ಮೊದಲ ಎಲ್ಲೂ ತೋರಿಸಿಲ್ಲೇನ್ರಿ? ನಿಮ್ಮ ಕಡೆ ಕ್ಯಾಂಪ್ ಆಗಿರಬೇಕಲ್ಲ?” ಎಂದು ಡಾಕ್ಟರು ಕೇಳಿದರು.

“ಆಗಿತ್ರಿ. ಅಲ್ಲಿ ನನ್ನ ತಂಗಿ ನನ್ನ ಉಳಿಸಿದ್ಲು” ಎಂದು ಅಕ್ಕ ಉಸಿರು ಬಿಟ್ಟು ಬಿಟ್ಟು ಆ ಬೂದಿಯ ಮಾತನ್ನು ಹೇಳಿ ನಕ್ಕಳು. ಡಾಕ್ಟರು ನಗಲಿಲ್ಲ. ನನ್ನ ಕಡೆ ನೋಡಿದರು.

“ಆವಾಗ ಇನ್ನೊಮ್ಮೆ ಊದಿಸಿದ್ರ ಗೊತ್ತಾಗತಿತ್ತು. ಹೊಗಿ ಬಿಡಿಸಿ, ಔಷಧ ಚಾಲೂ ಮಾಡತಿದ್ವಿ. ಹೋದದ್ದು ಹೊಳ್ಳಿ ಬರಾಂಗಿಲ್ಲ. ಈಗ ಇದ್ದದ್ದನ್ನ ಉಳಿಸಿಕೊಳ್ಳೂಣು.”

“ಆಕೀಗೆ ಬಯ್ಯಬ್ಯಾಡ್ರಿ ಡಾಕ್ಟರ. ಜೀವ ಹಚಗೊಂಡ ಮಾಡ್ಯಾಳ” ಎಂದಳು ಅಕ್ಕ.

ಜೊತೆಗಿದ್ದೇನೆಂದು ನನ್ನನ್ನೂ ಊದಿಸಿದರು. ಅಷ್ಟೇ ಹೊಗೆ ಕುಡಿದ ನನ್ನ ಉಸಿರು ಇನ್ನೂ ಗಟ್ಟಿಯಾಗಿತ್ತು. ಈ ಸಲ ನಾನು ಪರದೆಯ ಕಡೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ಅವಳ ಮಗ ಶೆಡ್ಡಿನ ಒಲೆಯನ್ನು ಸಲಿಕೆಯಿಂದ ಒಡೆದು ತೆಗೆದ. ಗ್ಯಾಸಿನ ಮೇಲೆ ಮಾಡುವಷ್ಟು ರೊಟ್ಟಿಯನ್ನು ಈಗ ನಾನು ನನ್ನ ಅಡುಗೆಮನೆಯಲ್ಲಿ ಮಾಡುತ್ತೇನೆ, ಗಿರಾಕಿಗಳು ಅರ್ಧಕ್ಕರ್ಧ ಹೋದರು. ಅಕ್ಕನ ಪಂಪಿನ ಔಷಧ ನೋಡಿಕೊಳ್ಳುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ದುಂಡನೆಯ ಪ್ಲಾಸ್ಟಿಕ್ ಡಬ್ಬಿಗೆ ಪಂಪು ಸಿಕ್ಕಿಸಿ, ಒತ್ತಿ, ಅವಳು ನಿಧಾನವಾಗಿ ಒಳಗೆಳೆದುಕೊಂಡ ಮೇಲೆ ಹತ್ತರವರೆಗೆ ಎಣಿಸಬೇಕು. ಅಷ್ಟು ಹೊತ್ತು ಅವಳು ಉಸಿರು ಹಿಡಿಯಬೇಕು. ನಾನು ಎಣಿಸುವಾಗ ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಚಿಕ್ಕಂದಿನಿಂದ ಅವಳು ನನ್ನನ್ನು ಅಷ್ಟು ನೋಡಿದ್ದಿಲ್ಲ.

ನೋಡಲು ಬರುವವರಿಗೆ ಬರವಿರಲಿಲ್ಲ. ಬಿಸ್ಕೀಟು, ಮೋಸಂಬಿ, ಎಳನೀರು. ಆಗಲೂ ನನಗೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ನನಗೆ ಜ್ವರ ಬಂದಾಗ ಇವರಲ್ಲಿ ಎಷ್ಟು ಜನ ಬಂದಿದ್ದರು ಎಂದು ಒಳಗೆ ಕೂತು ಚಹಾ ಸೋಸುತ್ತ ನೆನೆಸುತ್ತಿದ್ದೆ. ಹೋಗುವಾಗ ಅವರೆಲ್ಲ ನನ್ನ ಗಲ್ಲ ಮುಟ್ಟಿ, “ಎಂಥಾ ತಂಗೀನ್ನ ಪಡದಾಳವಾ” ಎನ್ನತೊಡಗಿದರು. ಜೀವನವಿಡೀ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗಲೆಲ್ಲ ಹಿತ್ತಲಿಗೆ ಎದ್ದು ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಹೇಳಿಬಿಟ್ಟೆ. ಕ್ಯಾಂಪಿನಲ್ಲಿ ನಾನು ಹಾಗೆ ಹೇಳಿದ್ದು ಅವಳಿಗಾಗಿ ಅಲ್ಲ, ಎಲ್ಲರೂ ಅವಳನ್ನು ಸುತ್ತುವರಿದಿದ್ದನ್ನು ನೋಡಲಾರದೆ ಎಂದೆ.

ಅಕ್ಕ ಸೆರಗಿನ ತುದಿ ಸುರುಳಿ ಸುತ್ತುತ್ತ ಕೇಳಿಸಿಕೊಂಡಳು. “ಅದನ್ನ ಬಿಡ. ಅಲ್ಲಿ ನಾನೂ ಮೆಣಸಿನಕಾಯಿ ಅಂತ ಹೇಳಿ ಬಾಯಿ ಮುಚಗೊಂಡೆ” ಎಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾಗಿಲಿಗೆ ಬಂದವರ ವಿಷಯವನ್ನೂ ಹೇಳಿದೆ. ಅವಳ ಬೆರಳು ನಿಂತವು.

“ಎಷ್ಟ ಸರತಿ ಬಂದಿದ್ಲು?”

“ಎರಡ.”

“ನಾ ಒಳಗ ಇದ್ನಿ?”

“ಇದ್ದಿ.”

“ಹಪ್ಪಳ ಮಾರಾಕಿ ಅಂದಿ” ಎಂದಳು. ನಾನು ತಲೆಯಾಡಿಸಿದೆ. “ಯಾಕ?”

“ನೀ ಆರಾಮ ಆಗಿ ಮತ್ತ ಹಂಚಿನ ಮುಂದ ಬಂದ ಕುಂದರತೀದಿ ಅಂತ.”

ಅವಳು ಬಯ್ಯಲಿಲ್ಲ. ಬಯ್ಯಲು ಉಸಿರು ಬೇಕು. “ಕೇಳಿದ್ರ ಕೊಡತಿದ್ನಲ್ಲ ಹುಚ್ಚಿ” ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಔಷಧದ ಹೊತ್ತಿಗೆ ನಾನು ಡಬ್ಬಿ ತೆಗೆದುಕೊಂಡೆ. “ಅದನ್ನಲ್ಲಿ ಇಡ. ಹುಡಿಗಿ ಕೊಡತಾಳ” ಎಂದು ಸೊಸೆಯನ್ನು ಕರೆದಳು.

ಈಗ ಸೊಸೆಯೇ ಎಣಿಸುತ್ತಾಳೆ. ಗೋಡೆಯ ಈಚೆ ಕಡೆ ನನ್ನ ಅಡುಗೆಮನೆ. ಬೆಳಿಗ್ಗೆ, ಸಂಜೆ ಆ ಹೊತ್ತಿಗೆ ನಾನು ಗ್ಯಾಸ್ ಆರಿಸಿ ಕಿವಿಗೊಡುತ್ತೇನೆ. ಎಲ್ಲರ ಮೇಲೂ ಪಟ್ಟ ಹೊಟ್ಟೆಕಿಚ್ಚು ಸಾಲದೆಂದು ಈಗ ನನ್ನಷ್ಟು ತೆಳ್ಳಗೆ ರೊಟ್ಟಿ ಬಡಿಯಲೂ ಬಾರದ ಆ ಹುಡುಗಿಯ ಮೇಲೂ ಪಡುತ್ತೇನೆ. ಅವಳು ಅವಸರದವಳು. ಒಂದು ಎರಡು ಮೂರು ಎಂದು ಹತ್ತಕ್ಕೆ ಓಡಿಬಿಡುತ್ತಾಳೆ. ಅಕ್ಕನಿಗೆ ಔಷಧ ಒಳಗೆ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ.

ನಿನ್ನೆ ತಡೆಯಲಾಗದೆ, “ಸಾವಕಾಶ ಎಣಸ” ಎಂದು ಈಚೆಯಿಂದ ಕೂಗಿದೆ.

ಆಚೆ ಎಣಿಕೆ ನಿಂತಿತು. ಅಕ್ಕ ಏನಾದರೂ ಅನ್ನುತ್ತಾಳೆಂದು ಗೋಡೆಗೆ ಕೈ ಹಚ್ಚಿಕೊಂಡು ನಿಂತೆ. ಪಂಪು ಒತ್ತಿದ ಸದ್ದು ಇನ್ನೊಮ್ಮೆ ಕೇಳಿತು. ಎಣಿಕೆ ಒಂದರಿಂದ ಮತ್ತೆ ಶುರುವಾಯಿತು, ಈ ಸಲ ನಿಧಾನವಾಗಿ.